ರಕ್ತ ಕಂಡರೆ ಮೂಲವ್ಯಾಧಿ ಎಂದು ಸುಮ್ಮನಾಗಬೇಡಿ

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿರುವ ವಿಮ್ಸ್ (ಈಗ ಬಿಎಂಸಿಆರ್‌ಸಿ) ಆಸ್ಪತ್ರೆಗೆ ಸಿರುಗುಪ್ಪ, ಕುರುಗೋಡಿನಿಂದಲೂ ಜನ ಎಚ್‌ಐವಿಗೆ ಕೊಡುವ ಎಆರ್‌ಟಿ ಗುಳಿಗೆಗಾಗಿ ಬರುತ್ತಾರೆ. ದೇಶದಲ್ಲಿ ಈ ಗುಳಿಗೆಯನ್ನು ಸರ್ಕಾರ ಉಚಿತವಾಗಿ ಕೊಡತೊಡಗಿದ್ದು 2004ರ ಏಪ್ರಿಲ್‌ನಲ್ಲಿ. ತಪ್ಪದೆ ನುಂಗಿದವರು ಇಂದು ಎಲ್ಲರಂತೆ ದುಡಿದು ಬಾಳುತ್ತಿದ್ದಾರೆ. ಹಾಗೆ ಬಾಳುವವರು ವಯಸ್ಸಾದಂತೆ ಎಚ್ಚರ ವಹಿಸಬೇಕಾದ ಕಾಯಿಲೆಗಳಲ್ಲಿ ಗುದದ್ವಾರದ ಕ್ಯಾನ್ಸರ್ ಒಂದು. ನಾಚಿಕೆಯಿಂದ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಈ ಕ್ಯಾನ್ಸರಿಗೆ ಮುಖ್ಯ ಕಾರಣ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸೇ. ರೋಗನಿರೋಧಕ ಶಕ್ತಿ ಕುಂದಿದ ದೇಹ ಅದನ್ನು ಹೊರಹಾಕಲು ಸೋಲುತ್ತದೆ. ಸಾಮಾನ್ಯವಾಗಿ ವರ್ಷಕ್ಕೆ ಲಕ್ಷದಲ್ಲಿ ಒಬ್ಬಿಬ್ಬರಿಗೆ ಬರುವ ಈ ಕ್ಯಾನ್ಸರ್, ಗಂಡಸರೊಂದಿಗೆ ಲೈಂಗಿಕ ಸಂಪರ್ಕವಿರುವ ಎಚ್‌ಐವಿ ಬಾಧಿತ ಗಂಡಸರಲ್ಲಿ ಲಕ್ಷಕ್ಕೆ ಸುಮಾರು 85 ಮಂದಿಗೆ ಬರುತ್ತದೆ ಎಂದು 2021ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಹೇಳಿತು. ಅಂಥ ಸಂಪರ್ಕವಿಲ್ಲದ ಎಚ್‌ಐವಿ ಬಾಧಿತರಿಗೂ ಅಪಾಯ ಇದ್ದೇ ಇದೆ.

ಮೊದಲು ಲಕ್ಷಣ ಗಮನಿಸಬೇಕು: ರಕ್ತ, ನೋವು, ತುರಿಕೆ, ಗಂಟು, ವಾಸಿಯಾಗದ ಹುಣ್ಣು. ಇವೆಲ್ಲ ಮೂಲವ್ಯಾಧಿಯಂತೆಯೇ ಕಾಣುತ್ತವೆ. ಎಡವಟ್ಟಾಗುವುದೇ ಇಲ್ಲಿ. ಮುಲಾಮು ಹಚ್ಚುತ್ತಲೋ, ನಾಟಿ ಔಷಧಿ ಮಾಡಿಸುತ್ತಲೋ ತಿಂಗಳುಗಟ್ಟಲೆ ಕಳೆದರೆ ಗಂಟು ಬೆಳೆದುಬಿಡುತ್ತದೆ.

ಲಕ್ಷಣ ಇಲ್ಲದಿದ್ದರೂ ವರ್ಷಕ್ಕೊಮ್ಮೆ ವೈದ್ಯರಿಂದ ಗುದದ್ವಾರದ ಬೆರಳಿನ ಪರೀಕ್ಷೆ ಮಾಡಿಸಿಕೊಳ್ಳುವುದು ಮುಂದಿನ ಹೆಜ್ಜೆ. ಗಂಡಸರೊಂದಿಗೆ ಸಂಪರ್ಕವಿರುವ ಗಂಡಸರು ಮತ್ತು ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರು 35ರಿಂದ, ಉಳಿದ ಎಚ್‌ಐವಿ ಬಾಧಿತರು 45ರಿಂದ ತಪಾಸಣೆ ಶುರುಮಾಡಬೇಕೆಂಬುದು ಅಂತರರಾಷ್ಟ್ರೀಯ ತಜ್ಞರ 2024ರ ಸಲಹೆ. ಗುಳಿಗೆ ತರಲು ಹೋದ ದಿನವೇ ಕೇಳಿದರೆ ಬಸ್ಸಿನ ಖರ್ಚೂ ಕೂಲಿಯೂ ಉಳಿಯುತ್ತವೆ. ‘ಹಿಂಭಾಗ ಒಮ್ಮೆ ಪರೀಕ್ಷೆ ಮಾಡಿ ಸಾರ್’ ಎಂದರೆ ಸಾಕು. ಪರೀಕ್ಷೆ ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. ಅನುಮಾನ ಬಂದರೆ ಚೂರು ಮಾಂಸ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ.

ಬೇಗ ಹಿಡಿದರೆ ಏನು ಲಾಭ? ಅಮೆರಿಕದಲ್ಲಿ 35 ದಾಟಿದ 4,446 ಎಚ್‌ಐವಿ ಬಾಧಿತರ ಮೇಲೆ ನಡೆದ ‘ಆ್ಯಂಕರ್’ ಅಧ್ಯಯನ 2022ರಲ್ಲಿ ಉತ್ತರ ಕೊಟ್ಟಿತು. ಕ್ಯಾನ್ಸರಿಗೆ ಮುಂಚಿನ ಹಂತದಲ್ಲೇ ಚಿಕಿತ್ಸೆ ಪಡೆದವರಲ್ಲಿ ಕ್ಯಾನ್ಸರ್ ಶೇ 57ರಷ್ಟು ಕಡಿಮೆಯಾಗಿತ್ತು. ಕ್ಯಾನ್ಸರ್ ಬಂದರೂ ಹೆಚ್ಚಿನವರಿಗೆ ದೊಡ್ಡ ಶಸ್ತ್ರಚಿಕಿತ್ಸೆ ಇಲ್ಲದೆ, ವಿಕಿರಣ ಮತ್ತು ಕೀಮೋದಿಂದಲೇ ಚಿಕಿತ್ಸೆ ಸಾಧ್ಯ. ಗುಳಿಗೆ ಮಾತ್ರ ತಪ್ಪಿಸಬಾರದು. ಬೀಡಿ, ಸಿಗರೇಟು ಬಿಡಬೇಕು.

ಗುಟ್ಟು ರಟ್ಟಾಗುವ ಭಯ ಬೇಡ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆ ರೋಗಿಯ ಗೌಪ್ಯತೆಯನ್ನು ಕಾಯುತ್ತದೆ. ಎಚ್‌ಐವಿ ಇದೆಯೆಂದು ಚಿಕಿತ್ಸೆ ನಿರಾಕರಿಸುವಂತಿಲ್ಲ. ಎಚ್‌ಐವಿ ಕುರಿತ ಅನುಮಾನಗಳಿಗೆ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು. ರಕ್ತವೋ ಗಂಟೋ ಕಂಡಿದ್ದರೆ ಮುಂದಿನ ಗುಳಿಗೆಯ ದಿನಕ್ಕೂ ಕಾಯದೆ ಆಸ್ಪತ್ರೆಗೆ ಹೋಗಿ.