ಕುರು ಹಣ್ಣಾಗಲಿ, ಹಿಸುಕಬೇಡಿ

ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟಿತೆಂದರೆ ಔಷಧಿ ಅಂಗಡಿಗಳಲ್ಲಿ ಒಂದೇ ಮಾತು: ‘ಉಷ್ಣ ಆಗಿ ಕುರು ಎದ್ದೈತ್ರಿ, ಒಂದು ಗುಳಿಗಿ ಕೊಡ್ರಿ.’ ಬೈಗುಳವೆಲ್ಲ ಮಾವಿನಹಣ್ಣಿಗೆ. ಅಸಲಿ ಆರೋಪಿ ಮೂಗಿನೊಳಗೆ ತಣ್ಣಗೆ ಕೂತಿರುತ್ತದೆ.

ಸ್ಟೆಫಿಲೋಕಾಕಸ್ ಆರಿಯಸ್ ಎಂಬ ಈ ದುಂಡನೆಯ ಬ್ಯಾಕ್ಟೀರಿಯಾ ಸೂಕ್ಷ್ಮದರ್ಶಕದಲ್ಲಿ ದ್ರಾಕ್ಷಿ ಗೊಂಚಲಿನಂತೆ ಕಾಣುತ್ತದೆ. ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ 1882ರಲ್ಲಿ ದ್ರಾಕ್ಷಿ ಗೊಂಚಲಿನ ಗ್ರೀಕ್ ಪದದಿಂದಲೇ ಹೆಸರು ಕಟ್ಟಿದ. ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರ ಮೂಗಿನಲ್ಲಿ ಇದು ತೊಂದರೆ ಕೊಡದೆ ಇರುತ್ತದೆ. ಚರ್ಮ ತರಚಿದರೆ, ಕೂದಲ ಬುಡ ಉಜ್ಜಿದರೆ ಒಳಗಿಳಿಯುತ್ತದೆ. ಜೀನ್ಸ್ ಹೊಲಿಯುತ್ತ ದಿನವಿಡೀ ಬೆವರಿನಲ್ಲಿ ಕೂತವರ ತೊಡೆ, ಸಿರುಗುಪ್ಪದ ಗದ್ದೆಯಲ್ಲಿ ನಾಟಿ ಮಾಡುವವರ ನೆನೆದು ಬಿರಿದ ಕಾಲು ಅದಕ್ಕೆ ಸಲೀಸು ದಾರಿ. ಅಷ್ಟರಮಟ್ಟಿಗೆ ಉಷ್ಣದ ಮಾತು ಪೂರ್ತಿ ಸುಳ್ಳೇನಲ್ಲ.

ಕುರು ಎದ್ದಾಗ ಮೊದಲ ಕೆಲಸ, ಕೈ ಹಚ್ಚದಿರುವುದು. ಹಿಸುಕಿದರೆ ಕೀವು ಒಳಕ್ಕೂ ನುಗ್ಗುತ್ತದೆ. ಮೂಗು, ಮೇಲ್ದುಟಿಯ ಸುತ್ತಲಂತೂ ಮುಟ್ಟಲೇಬಾರದು; ಅಲ್ಲಿನ ರಕ್ತನಾಳಗಳಿಗೆ ಮಿದುಳಿನತ್ತ ಸಂಪರ್ಕವಿದೆ.

ಆಮೇಲೆ ಶಾಖ. ಶುಭ್ರವಾದ ಹತ್ತಿ ಬಟ್ಟೆಯನ್ನು ಚರ್ಮ ತಾಳುವಷ್ಟು ಬಿಸಿನೀರಿನಲ್ಲಿ ಅದ್ದಿ ಹಿಂಡಿ, 10–15 ನಿಮಿಷ ಇಡಿ. ಆರಿದಂತೆಲ್ಲ ಮತ್ತೆ ಅದ್ದಿ. ದಿನಕ್ಕೆ ಮೂರ್ನಾಲ್ಕು ಸಲ ಹೀಗೆ ಮಾಡಿದರೆ ಕಲ್ಲಿನಂತಿದ್ದ ಗಂಟು ಕೆಲ ದಿನಗಳಲ್ಲಿ ಮೆತ್ತಗಾಗಿ, ನಡುವೆ ಹಳದಿ ಮುಖ ಮಾಡುತ್ತದೆ. ಅಜ್ಜಿಯರು ಕಟ್ಟುತ್ತಿದ್ದ ಬಿಸಿ ಪಟ್ಟಿನಲ್ಲಿದ್ದ ಗುಣವೂ ಇದೇ ಶಾಖದ್ದು. ಸುಣ್ಣ–ಬೆಲ್ಲ ಮಾತ್ರ ಬೇಡ, ಸುಣ್ಣ ಚರ್ಮ ಸುಡುತ್ತದೆ.

ತಾನಾಗಿ ಒಡೆದ ಮೇಲೆ ಸೋಪಿನಿಂದ ತೊಳೆದು ಗಾಜ್ ಬಟ್ಟೆ ಕಟ್ಟಿ, ಕೈ ತೊಳೆಯಿರಿ. ಟವೆಲ್, ರೇಜರ್ ಬೇರೆ ಇರಲಿ. ದಿಂಬಿನ ಹೊದಿಕೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಬಳ್ಳಾರಿಯಲ್ಲಿ ಅದಕ್ಕೇನೂ ಬರವಿಲ್ಲ.

ಕುರುಗೋಡು ಸೀಮೆಯಲ್ಲಿ ಎಮ್ಮೆ ಕಟ್ಟಿದವರಿಗೆ ಇನ್ನೊಂದು ಮಾತು. ಕೆಚ್ಚಲು ಬಾವಿಗೂ ಹಲವು ಸಲ ಇದೇ ಬ್ಯಾಕ್ಟೀರಿಯಾ ಕಾರಣ. ಬಾವು ಬಂದ ಕೆಚ್ಚಲಿನ ಹಾಲು ಮಾರಬೇಡಿ. ಬೆರಳಲ್ಲಿ ಕೀವಿನ ಗಾಯವಿದ್ದರೆ ಹಾಲು ಕರೆಯುವುದು, ಖೋವಾ ಮಾಡುವುದು ಎರಡೂ ಬೇಡ. ಹೊರಗಿಟ್ಟ ಆಹಾರದಲ್ಲಿ ಇದು ಬಿಡುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ ಶುರು.

ಜ್ವರ ಬಂದರೆ, ಕೆಂಪು ಸುತ್ತಲೂ ಹರಡಿದರೆ, ಮುಖದ ಮೇಲೆದ್ದರೆ, ಕೂಸಿಗಾದರೆ ಮನೆಮದ್ದು ಬಿಟ್ಟು ಸರ್ಕಾರಿ ಆಸ್ಪತ್ರೆಗೆ ಹೊರಡಿ. ದೊಡ್ಡ ಕುರುವಿಗೆ ಕೊಯ್ದು ಕೀವು ತೆಗೆಯುವುದೇ ಮುಖ್ಯ ಚಿಕಿತ್ಸೆ. ಯಾವ ಗುಳಿಗೆ ನಾಟುತ್ತದೆ ಎಂಬುದನ್ನು ಕೀವಿನ ಕಲ್ಚರ್ ಪರೀಕ್ಷೆ ಹೇಳುತ್ತದೆ. ಬಳ್ಳಾರಿಗೆ ಮೆಡಿಕಲ್ ಕಾಲೇಜು ಬಂದ 1961ರಲ್ಲೇ, ಮೆಥಿಸಿಲಿನ್ ಎಂಬ ಆ್ಯಂಟಿಬಯಾಟಿಕ್‌ಗೂ ಬಗ್ಗದ ಈ ಬ್ಯಾಕ್ಟೀರಿಯಾದ ತಳಿ ಇಂಗ್ಲೆಂಡಿನಲ್ಲಿ ವರದಿಯಾಗಿತ್ತು. ಹಾಗಾಗಿ ಕಪಾಟಿನಲ್ಲಿ ಉಳಿದ ಹಳೇ ಗುಳಿಗೆ ನುಂಗಬೇಡಿ, ವೈದ್ಯರು ಬರೆದದ್ದನ್ನು ಅರ್ಧಕ್ಕೆ ಬಿಡಬೇಡಿ.

ಕುರು ಪದೇಪದೇ ಏಳುತ್ತಿದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿ. ಎಷ್ಟೋ ಜನರಿಗೆ ಸಕ್ಕರೆ ಕಾಯಿಲೆ ಇರುವುದು ಮೊದಲು ಗೊತ್ತಾಗುವುದು ಬೆನ್ನ ಮೇಲಿನ ಕುರುವಿನಿಂದಲೇ.