ಯೀಸ್ಟಿನ ಗೋಡೆಯೂ ದೇಹದ ಕಾವಲೂ

ಬ್ರೆಡ್ಡನ್ನು ಉಬ್ಬಿಸುವ ಯೀಸ್ಟ್ ಒಂದೇ ಜೀವಕಣದ ಶಿಲೀಂಧ್ರ. ಅದರ ಗೋಡೆಯ ಹೊರಪದರದಲ್ಲಿ ಮ್ಯಾನಾನ್, ಒಳಪದರದಲ್ಲಿ ಬೀಟಾ-ಗ್ಲೂಕನ್ ಎಂಬ ಸಕ್ಕರೆಯ ಸರಪಳಿಗಳಿವೆ. ನಮ್ಮ ದೇಹವು ಬೀಟಾ-ಗ್ಲೂಕನ್ನನ್ನು ತಯಾರಿಸುವುದಿಲ್ಲ. ಆದುದರಿಂದಲೇ ಅದು ಪರಕೀಯರ ಗುರುತು.

ಡಾಫ್ನಿಯ ಎಂಬ ನೀರಿನ ಕಿರುಜೀವಿಯಲ್ಲಿ ಭಕ್ಷಕ ಕಣಗಳು ಯೀಸ್ಟಿನಂಥ ಶಿಲೀಂಧ್ರವನ್ನು ನುಂಗುವುದನ್ನು ಮೆಚ್ನಿಕಾಫ್ ಎಂಬ ವಿಜ್ಞಾನಿ 1884ರಲ್ಲಿ ವರ್ಣಿಸಿದನು. ನಮ್ಮ ಭಕ್ಷಕ ಕಣಗಳ ಮೇಲಿರುವ ಡೆಕ್ಟಿನ್-1 ಎಂಬ ಪ್ರೋಟೀನು ಬೀಟಾ-ಗ್ಲೂಕನ್ನನ್ನು ಹಿಡಿಯುವುದೆಂದು 2001ರಲ್ಲಿ ತಿಳಿಯಿತು. ಹಿಡಿದೊಡನೆ ಕಣವು ಯೀಸ್ಟನ್ನು ನುಂಗುತ್ತದೆ. ಸೈಟೊಕೈನುಗಳನ್ನು ಸ್ರವಿಸಿ ಇತರ ಕಣಗಳನ್ನೂ ಕರೆಯುತ್ತದೆ. ಈ ಪ್ರೋಟೀನು ಕೆಟ್ಟಿದ್ದ ಒಂದು ಡಚ್ ಕುಟುಂಬದಲ್ಲಿ ಶಿಲೀಂಧ್ರದ ಸೋಂಕು ಮತ್ತೆ ಮತ್ತೆ ಮರುಕಳಿಸುತ್ತಿತ್ತೆಂದು 2009ರಲ್ಲಿ ವರದಿಯಾಯಿತು.

ನನ್ನ ತಾಯಿಗೆ ಓದು ಬಾರದು. ಆದರೂ ಬಾಗಿಲಿಗೆ ಬಂದವರು ನಮ್ಮವರೋ ಪರರೋ ಎಂಬುದನ್ನು ದನಿಯಿಂದಲೇ ಅರಿಯುತ್ತಾರೆ. ವಾಚಕರೇ, ಕಾವಲಿಗೆ ಬಲವೊಂದೇ ಸಾಲದು; ಗುರುತೂ ಬೇಕು.