ದಿನಕ್ಕೊಂದು ಉಗುರು: ಕಾಲು ಕೊಡದ ನಾಯಿಗೆ ಇದೇ ದಾರಿ

ಚಂದಾಪುರದ ಕಡೆ ಹಳೆಯ ಮನೆಗಳಲ್ಲಿ ನಾಯಿಯ ಉಗುರಿನ ಚಿಂತೆ ಅಷ್ಟಾಗಿ ಇರಲಿಲ್ಲ. ಅಂಗಳಕ್ಕೆ ಹಾಸಿದ್ದು ಒರಟು ಶಾಬಾದಿ ಫರ್ಸಿ. ದಿನವಿಡೀ ಅದರ ಮೇಲೆ ಓಡಾಡಿದ ನಾಯಿಯ ಉಗುರು ತಾನೇ ಸವೆಯುತ್ತಿತ್ತು. ಈಗ ಟೈಲ್ಸ್ ಬಂದಿವೆ. ಫರ್ಸಿ ಹಾಕಿಸಿದರೂ ಮುಖ ಕಾಣುವ ಹಾಗೆ ಪಾಲಿಶ್ ಮಾಡಿಸುತ್ತೇವೆ. ಹೊರಗೆ ತಿರುಗಾಡಿಸಿದರೆ ಕಾಲಿಗೆ ಸಿಗುವುದು ತೊಗರಿ ಹೊಲದ ಎರೆಮಣ್ಣು. ಅದು ಬೆರಳ ಸಂದಿಗೆ ಮೆತ್ತಿಕೊಳ್ಳುತ್ತದೆಯೇ ಹೊರತು ಉಗುರನ್ನು ಸವೆಸುವುದಿಲ್ಲ.

ನಾಯಿ ನಡೆದಾಗ ಟಕ್ ಟಕ್ ಸದ್ದು ಬಂದರೆ ಉಗುರು ಉದ್ದವಾಗಿದೆ ಎಂದೇ ತಿಳಿಯಿರಿ. ಉದ್ದ ಉಗುರು ನೆಲಕ್ಕೆ ಊರಿ ಬೆರಳನ್ನು ಓರೆಯಾಗಿ ತಳ್ಳುತ್ತದೆ, ನುಣುಪು ನೆಲದ ಮೇಲೆ ಕಾಲು ಜಾರುತ್ತದೆ. ಸಾಮಾನ್ಯವಾಗಿ ನಾಯಿಗೆ 18 ಉಗುರು: ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು. ಮುಂಗಾಲಿನ ಒಳಮಗ್ಗುಲಲ್ಲಿ ಮೇಲೆ ನಿಂತಿರುವ ಹೆಬ್ಬೆರಳಿನ ಉಗುರನ್ನು ಮಾತ್ರ ಮರೆಯಬೇಡಿ. ನಡೆಯುವಾಗ ಅದು ನೆಲಕ್ಕೆ ಊರುವುದಿಲ್ಲ, ಹಾಗಾಗಿ ಫರ್ಸಿಯೂ ಅದನ್ನು ಸವೆಸದು. ಬೆಳೆದು ಸುರುಳಿಯಾಗಿ ಮಾಂಸಕ್ಕೇ ಚುಚ್ಚಿಕೊಳ್ಳುತ್ತದೆ.

ಎತ್ತನ್ನು ಕೆಡವಿ ಲಾಳ ಬಡಿಯುವುದನ್ನು ನೋಡಿ ಬೆಳೆದ ನಮಗೆ ನಾಯಿಯನ್ನೂ ಹಾಗೇ ಅದುಮಿ ಹಿಡಿಯುವ ಹುಕಿ. ನಾನೂ ಮಾಡಿದ್ದೇನೆ. ಮೂವರು ಹಿಡಿದುಕೊಂಡು ನಾಲ್ಕು ಉಗುರು ಕತ್ತರಿಸಿದೆವು, ಒಂದರಲ್ಲಿ ರಕ್ತ ಬಂತು. ಮುಂದಿನ ಸಲ ಕತ್ತರಿಯ ಡಬ್ಬಿ ತೆಗೆದ ಸದ್ದಿಗೇ ನಾಯಿ ಮಂಚದ ಕೆಳಗೆ. ಉಗುರಿನೊಳಗೆ ರಕ್ತನಾಳವೂ ನರವೂ ಇವೆ. ಅಲ್ಲಿ ಒಮ್ಮೆ ನೊಂದ ನಾಯಿ ಆ ನೋವನ್ನೂ ಹಿಡಿದ ಕೈಯನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳುತ್ತದೆ.

<b>ಮೊದಲ ವಾರ ಕತ್ತರಿ ಬೇಡ</b>

ನಮ್ಮ ಕಡೆಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಏದುಸಿರು ಬಿಡುತ್ತಿರುವ ನಾಯಿಗೆ ತಾಳ್ಮೆ ಇರುವುದಿಲ್ಲ. ಬೆಳಗಿನ ತಂಪು ಹೊತ್ತು ಆರಿಸಿಕೊಳ್ಳಿ. ಭುಜ ಮುಟ್ಟಿ, ಒಂದು ತುಣುಕು ತಿನಿಸು ಕೊಡಿ. ಮರುದಿನ ಮೊಣಕಾಲವರೆಗೆ ಕೈ ಇಳಿಸಿ, ಆಮೇಲೆ ಪಾದ, ಆಮೇಲೆ ಒಂದು ಬೆರಳು. ಮುಟ್ಟುವುದು ಮೊದಲು, ತಿನಿಸು ಆಮೇಲೆ. ಈ ಕ್ರಮ ತಪ್ಪಿದರೆ ತಿನಿಸು ಕಂಡೊಡನೆಯೇ ನಾಯಿಗೆ ಅನುಮಾನ ಹುಟ್ಟುತ್ತದೆ. ಕಾಲು ಎಳೆದುಕೊಂಡರೆ ಬಿಟ್ಟುಬಿಡಿ, ಮರುದಿನ ಒಂದು ಹೆಜ್ಜೆ ಹಿಂದಿನಿಂದ ಶುರು ಮಾಡಿ.

ಗುರುಗುಟ್ಟಿದರೆ ಬಡಿಯಬೇಡಿ. ಅದು ನಾಯಿ ಕೊಡುವ ಮುನ್ಸೂಚನೆ. ಏಟು ತಿಂದು ಗುರುಗುಟ್ಟುವುದನ್ನು ಬಿಟ್ಟ ನಾಯಿ ಮುಂದೆ ಸೂಚನೆ ಕೊಡದೆಯೇ ಬಾಯಿ ಹಾಕುತ್ತದೆ.

ತಿನಿಸಿಗೆ ಬೇಯಿಸಿದ ಮೊಟ್ಟೆ, ಉಪ್ಪು ಹಾಕದ ಕೋಳಿ ಮಾಂಸ, ಜೋಳದ ರೊಟ್ಟಿಯ ಚೂರು ಸಾಕು. ರೊಟ್ಟಿಗೆ ಶೇಂಗಾ ಹಿಂಡಿ ಸವರಬೇಡಿ. ಅದರಲ್ಲಿರುವ ಬೆಳ್ಳುಳ್ಳಿ ನಾಯಿಗೆ ಆಗದು.

ಎರಡನೇ ವಾರ ಕತ್ತರಿ ನೆಲದ ಮೇಲಿರಲಿ, ಮೂಸಿ ನೋಡಲಿ. ನಾಯಿಯ ಎದುರಿಗೇ ಒಣ ತೊಗರಿ ಕಡ್ಡಿಯ ತುದಿಯನ್ನು ಕತ್ತರಿಸಿ, ತಿನಿಸು ಕೊಡಿ. ಆ ಸದ್ದು ಅದಕ್ಕೆ ರೂಢಿಯಾಗುತ್ತದೆ, ನಿಮ್ಮ ಕೈಯೂ ಪಳಗುತ್ತದೆ. ಕತ್ತರಿ ನಾಯಿಗಾಗಿಯೇ ಮಾಡಿದ್ದಿರಬೇಕು. ನಮ್ಮ ನೇಲ್ ಕಟರ್ ದುಂಡನೆಯ ಉಗುರನ್ನು ಅದುಮಿ ಸೀಳುತ್ತದೆ.

<b>ಕತ್ತರಿಸುವ ದಿನ</b>

ಒಂದೇ ಉಗುರು. ನಿಮ್ಮ ಹೆಬ್ಬೆರಳು ಪಾದದ ಮೆತ್ತೆಯ ಕೆಳಗೆ, ತೋರುಬೆರಳು ಮೇಲೆ ಇಟ್ಟು, ಕೂದಲು ಸರಿಸಿ, ಬಾಗಿದ ತುದಿಯನ್ನಷ್ಟೇ ಓರೆಯಾಗಿ ತೆಗೆಯಿರಿ. ಉಗುರು ಬಿಳಿಯಾಗಿದ್ದರೆ ಒಳಗಿನ ಗುಲಾಬಿ ಬಣ್ಣ ಕಾಣುತ್ತದೆ. ಅದಕ್ಕಿಂತ ಎರಡು ಮಿಲಿಮೀಟರ್ ಮೊದಲೇ ನಿಲ್ಲಿಸಿ. ಕಷ್ಟ ಇರುವುದು ಕರಿ ಉಗುರಿನಲ್ಲಿ. ಅಲ್ಲಿ ತೆಳ್ಳನೆಯ ಪದರ ಪದರವಾಗಿ ತೆಗೆಯುತ್ತ, ಪ್ರತಿ ಸಲವೂ ಕತ್ತರಿಸಿದ ಮುಖವನ್ನು ನೋಡಿ. ಮೊದಲು ಅದು ಸುಣ್ಣದ ಹಾಗೆ ಒಣಗಿರುತ್ತದೆ. ನಡುವೆ ಮೆತ್ತಗಿನ ಕಪ್ಪು ಚುಕ್ಕೆ ಮೂಡಿದ ಕೂಡಲೇ ಕೈ ತೆಗೆಯಿರಿ, ಮುಂದಿನದು ರಕ್ತ.

ತಿನಿಸು ಕೊಟ್ಟು ಕತ್ತರಿ ಒಳಗಿಡಿ. ಇನ್ನೊಂದು ಉಗುರು ತೆಗೆಯೋಣವೇ ಎಂಬ ಆಸೆ ಆಗುತ್ತದೆ, ಬೇಡ. ದಿನಕ್ಕೊಂದರಂತೆ 18 ದಿನಕ್ಕೆ ಒಂದು ಸುತ್ತು. ಮೊದಲ ಉಗುರು ಮತ್ತೆ ಕತ್ತರಿಗೆ ಬರುವ ಹೊತ್ತೂ ಹೆಚ್ಚುಕಡಿಮೆ ಮೂರು ವಾರವೇ. ಹೀಗೆ ಆಗಾಗ ಸ್ವಲ್ಪ ತೆಗೆಯುತ್ತಿದ್ದರೆ ಒಳಗಿನ ರಕ್ತನಾಳವೂ ನಿಧಾನವಾಗಿ ಹಿಂದೆ ಸರಿಯುತ್ತದೆ.

ರಕ್ತ ಬಂದರೆ ಗಾಬರಿಯಾಗಬೇಡಿ. ಪುಡಿ ಮಾಡಿದ ಪಟಿಕವನ್ನೋ ಕಾರ್ನ್‌ಫ್ಲೋರನ್ನೋ ಉಗುರಿನ ತುದಿಗೆ ಒತ್ತಿ ಐದು ನಿಮಿಷ ಹಿಡಿಯಿರಿ, ನಡುನಡುವೆ ತೆಗೆದು ನೋಡಬೇಡಿ. ಕಾಲು ಗಂಟೆಯಾದರೂ ನಿಲ್ಲದಿದ್ದರೆ ಪಶುವೈದ್ಯರ ಬಳಿ ಹೋಗಿ.

<b>ಕತ್ತರಿ ಒಲ್ಲದ ನಾಯಿಗೆ ಫರ್ಸಿ</b>

ಎರಡು ವಾರ ಕಳೆದರೂ ಕತ್ತರಿ ಕಂಡರೆ ಓಡುವ ನಾಯಿಗೆ ಪಾಲಿಶ್ ಆಗದ ಫರ್ಸಿಯ ತುಂಡು ತನ್ನಿ. ಶಹಾಬಾದ್, ವಾಡಿ, ಸೇಡಂ, ಚಿತ್ತಾಪುರದಿಂದ ಬರುವ ಈ ಸುಣ್ಣಕಲ್ಲಿನ ಒರಟು ಮುಖವೇ ಅರದ ಕೆಲಸ ಮಾಡುತ್ತದೆ. ಒಂದಡಿ ಅಗಲ, ಎರಡಡಿ ಉದ್ದ ಇದ್ದರೆ ಸಾಕು. ಜಾರದಂತೆ ಗೋಡೆಗೆ ಓರೆಯಾಗಿ ನಿಲ್ಲಿಸಿ, ಮೇಲೆ ಬಟ್ಟೆಯ ಕೆಳಗೆ ತಿನಿಸು ಅಡಗಿಸಿ. ನಾಯಿ ಕೆರೆದ ಕೂಡಲೇ ಶಹಬ್ಬಾಸ್ ಎಂದು ತಿನಿಸು ಕೊಡಿ, ಆಮೇಲೆ ಬಟ್ಟೆ ತೆಗೆದುಬಿಡಿ. ಕಲ್ಲು ಸಿಗದಿದ್ದರೆ ಹಲಗೆಗೆ ಪಾಲಿಶ್ ಪೇಪರ್ ಅಂಟಿಸಿದರೂ ನಡೆಯುತ್ತದೆ. ಪಾದದ ಮೆತ್ತೆ ತರಚಿದೆಯೇ ಎಂದು ದಿನವೂ ನೋಡಿ. ಈ ಉಪಾಯ ಮುಂಗಾಲಿಗಷ್ಟೇ. ಹೆಬ್ಬೆರಳಿನ ಉಗುರಿಗೂ ಹಿಂಗಾಲಿಗೂ ಕತ್ತರಿಯೇ ಗತಿ.

ಹಿಂದೆ ಕಚ್ಚಿದ ನಾಯಿಯಾದರೆ ಮನೆಯಲ್ಲಿ ಸಾಹಸ ಬೇಡ. ಬುಟ್ಟಿಯಂಥ ಬಾಯಿಕುಕ್ಕೆ ಹಾಕಿ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಬಟ್ಟೆಯಿಂದ ಬಾಯಿ ಬಿಗಿದರೆ ಬಿಸಿಲಲ್ಲಿ ನಾಯಿಗೆ ಏದುಸಿರು ಬಿಡಲಾಗುವುದಿಲ್ಲ. ನಿದ್ದೆ ಬರಲೆಂದು ನಮ್ಮ ಮಾತ್ರೆ ಕೊಡಲೇಬೇಡಿ, ನೋವಿಗೆಂದು ಪ್ಯಾರಾಸಿಟಮಾಲೂ ಬೇಡ. ಮತ್ತು ಬರಿಸಬೇಕೇ ಎಂಬುದನ್ನು ವೈದ್ಯರೇ ನಿರ್ಧರಿಸಲಿ. ಉಗುರು ಮಾಂಸಕ್ಕೆ ಹೊಕ್ಕು ಕೀವಾಗಿದ್ದರೆ ಇಂದೇ ಹೊರಡಿ.

ಕತ್ತರಿಸುವಾಗ ಹಲ್ಲು ತಾಗಿದರೆ, ನಾಯಿಗೆ ರೇಬೀಸ್ ಲಸಿಕೆ ಆಗಿದ್ದರೂ ಸರಿ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅರಿಶಿನ, ಖಾರದ ಪುಡಿ ಮೆತ್ತಿಕೊಂಡು ಕೂರಬೇಡಿ.